ಸಮುದಾಯ ಭವನಕ್ಕೊಂದು ಸಣ್ಣ ಕಂಪ್ಯೂಟರ್: ಯಾವ ಪೋರ್ಟ್ ಬೇಕು, ಯಾವುದು ಬೇಡ

ಬಾಗಲಕೋಟೆ ಜಿಲ್ಲೆಯ ಬೀಳಗಿ ತಾಲ್ಲೂಕಿನಲ್ಲಿ ಒಂದು ಪುನರ್ವಸತಿ ಊರಿದೆ. ಹಳೆಯ ಊರು ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಿದ ಮೇಲೆ ಎತ್ತರದ ಜಾಗದಲ್ಲಿ ಕಟ್ಟಿಕೊಂಡ ಊರು ಅದು. ಅಲ್ಲಿನ ಸಮುದಾಯ ಭವನದಲ್ಲಿ ಸಂಜೆ ಹೊತ್ತು ಎಸ್ಸೆಸ್ಸೆಲ್ಸಿ ಮಕ್ಕಳು ಓದಲು ಸೇರುತ್ತಾರೆ. ನಿವೃತ್ತ ಮಾಸ್ತರರೊಬ್ಬರು ಮತ್ತು ಮಹಿಳಾ ಸಂಘದವರು ಸೇರಿ ಇದನ್ನು ನಡೆಸುತ್ತಾರೆ. ಗಣಿತ, ವಿಜ್ಞಾನದ ವಿಡಿಯೊ ಪಾಠಗಳನ್ನು ದೊಡ್ಡ ಪರದೆಯ ಮೇಲೆ ತೋರಿಸಬೇಕು ಅನ್ನುವುದು ಅವರ ಆಸೆ. ಕಂಪ್ಯೂಟರಿಗೆ ಅಂತ ₹12,000 ಕೂಡಿಸಿಟ್ಟಿದ್ದರು. ನಾನು ಬಾಗಲಕೋಟೆಯ ನವನಗರದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವವನು. ಯಾವ ಯಂತ್ರ ತಗೋಬೇಕು ಅಂತ ನನ್ನನ್ನು ಕೇಳಿದರು.

ಇಂಥ ಪ್ರಶ್ನೆಗೆ ಅಂಗಡಿಯಲ್ಲಿ ಸಿಗುವ ಉತ್ತರ ಪ್ರೊಸೆಸರ್, ರ‍್ಯಾಮ್, ಎಸ್‌ಎಸ್‌ಡಿ ಸುತ್ತ ತಿರುಗುತ್ತದೆ. ವಿಡಿಯೊ ಪಾಠ ಓಡಿಸಲು ಈಗಿನ ಸಣ್ಣ ಯಂತ್ರಗಳಲ್ಲಿ ಬಹುತೇಕ ಎಲ್ಲವೂ ಸಾಕು. ಚಿತ್ರ ಯಾವ ತೂತಿನಿಂದ, ಅಂದರೆ ಪೋರ್ಟಿನಿಂದ, ಹೊರಗೆ ಬರುತ್ತದೆ, ದನಿ ಯಾವುದರಿಂದ ಬರುತ್ತದೆ ಅನ್ನುವುದೇ ಇಲ್ಲಿ ದೊಡ್ಡ ವಿಷಯ. ಅದು ಗೊತ್ತಾಗಬೇಕಾದರೆ ಕಂಪ್ಯೂಟರ್ ನೋಡುವ ಮೊದಲು ಭವನವನ್ನು ನೋಡಬೇಕು. ಅದಕ್ಕೇ ಮೊದಲು ಊರಿಗೆ ಹೋದೆ.

ಭವನದಲ್ಲಿ ಏನಿತ್ತು

ಚಾವಣಿಗೆ ತೂಗುಹಾಕಿದ ಹಳೆಯ ಪ್ರೊಜೆಕ್ಟರ್ ಒಂದಿತ್ತು, ಯಾರೋ ದಾನ ಕೊಟ್ಟದ್ದು. ಅದರ ಚಿತ್ರದ ಅಳತೆ 1024×768 ಚುಕ್ಕಿ. ಹಿಂದೆ ಒಂದು ವಿಜಿಎ (ಕಂಪ್ಯೂಟರಿನ ಚಿತ್ರ ಮಾತ್ರ ತರುವ ಹಳೆಯ ತೂತು), ಒಂದು ಹಳದಿ ಬಣ್ಣದ ಎವಿ ತೂತು. ಚಿತ್ರ, ದನಿ ಎರಡನ್ನೂ ಒಂದೇ ಕೇಬಲ್ಲಿನಲ್ಲಿ ತರುವ ಈಗಿನ ಎಚ್‌ಡಿಎಂಐ ಇಲ್ಲ. ಪ್ರೊಜೆಕ್ಟರಿನಿಂದ ಭವನದ ಹಿಂದಿನ ಮೇಜಿನವರೆಗೆ 15 ಮೀಟರ್ ವಿಜಿಎ ಕೇಬಲ್ ಅನ್ನು ಗೋಡೆಯ ಕೇಸಿಂಗ್ ಪಟ್ಟಿಯೊಳಗೆ ಎಳೆದಿದ್ದರು. ಒಂದು ಹಳೆಯ ಮಾನಿಟರ್ ಇತ್ತು, ಅದೂ ಬರೀ ವಿಜಿಎ. ಪಕ್ಕದ ಅಂಗನವಾಡಿಯಲ್ಲಿ 32 ಇಂಚಿನ ಟಿವಿ ಇದೆ, ಅದಕ್ಕೆ ಎಚ್‌ಡಿಎಂಐ ಇದೆ. ಸಂಘದ ಸಭೆಗೆ ಆಗಾಗ ಅದನ್ನೂ ಬಳಸುತ್ತಾರೆ.

ದನಿಗೆ ಅಂದರೆ ಗಣಪತಿ ಹಬ್ಬದ ಆಂಪ್ಲಿಫೈಯರ್, ಎರಡು ಉದ್ದನೆಯ ಕಾಲಂ ಸ್ಪೀಕರ್. ಭವನ ಉದ್ದ, ಗೋಡೆ ಬೋಳು, ಮೇಲೆ ಆರ್‌ಸಿಸಿ. ಮಾತಾಡಿದರೆ ಮಾರ್ದನಿ ಬರುತ್ತದೆ. ಹಿಂದಿನ ಸಾಲಿನಲ್ಲಿ ಕೂತವರಿಗೆ ಪ್ರೊಜೆಕ್ಟರಿನ ಒಳಗಿನ ಸಣ್ಣ ಸ್ಪೀಕರ್ ಏನೇನೂ ಸಾಲದು.

ಮಾಸ್ತರರು ಮೊದಲ ದಿನವೇ ಒಂದು ಮಾತು ಹೇಳಿದರು. "ತಮ್ಮಾ, ಚಿತ್ರ ಚೂರು ಮಸುಕಾದ್ರ ಹುಡುಗ್ರು ಹೆಂಗರ ತಿಳ್ಕೋತಾರ. ಮಾತು ಕೇಳಲಿಲ್ಲಂದ್ರ ಎದ್ದು ಹೊರಗ ಹೋಗಿಬಿಡ್ತಾರ ನೋಡು." ಮುಂದಿನ ಎಲ್ಲ ಲೆಕ್ಕವನ್ನೂ ನಾನು ಈ ಮಾತಿನ ಮೇಲೆಯೇ ಹಾಕಿದೆ. ಸಣ್ಣ ಕಂಪ್ಯೂಟರ್ ಆರಿಸುವಾಗ ಎಲ್ಲರೂ ಚಿತ್ರದ ಪೋರ್ಟ್ ಬಗ್ಗೆ ತಲೆ ಕೆಡಿಸಿಕೊಳ್ಳುತ್ತಾರೆ. ದನಿಯ ಪೋರ್ಟ್ ನೆನಪಾಗುವುದು ಯಂತ್ರ ಮನೆಗೆ ಬಂದ ಮೇಲೆ. ತಯಾರಕರು ಬೆಲೆ ಇಳಿಸಲು ಮೊದಲು ಕೈಬಿಡುವ ತೂತುಗಳಲ್ಲಿ ಅದೂ ಒಂದು.

ಮುಂದೆ ಬಂದ ಮೂರು ದಾರಿ

ಊರಿನಲ್ಲಿ ಇಂಜಿನಿಯರಿಂಗ್ ಓದುವ ಹುಡುಗನೊಬ್ಬ ರಾಸ್ಪ್‌ಬೆರಿ ಪೈ ತಗೊಳ್ಳೋಣ ಅಂದ. ಒಳ್ಳೆಯ ಸಲಹೆ. ಒಂದೇ ಸಣ್ಣ ಬೋರ್ಡಿನ ಕಂಪ್ಯೂಟರ್ ಅದು, ಕರೆಂಟು ಕಡಿಮೆ ಸಾಕು, ಕಲಿಯುವ ಮಕ್ಕಳಿಗೂ ಚೆಂದ. ಈ ಬೋರ್ಡಿನ ಪೋರ್ಟುಗಳು ವರ್ಷದಿಂದ ವರ್ಷಕ್ಕೆ ಬದಲಾದ ಬಗೆ ನಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಪಟ್ಟದ್ದು, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

2012ರಲ್ಲಿ ಬಂದ ಮೊದಲ ಪೈಗೆ ಎಚ್‌ಡಿಎಂಐ ಇತ್ತು, ಹಳದಿ ಎವಿ ತೂತು ಇತ್ತು, 3.5 ಎಂಎಂ ಆಡಿಯೊ ಜ್ಯಾಕ್ (ಹೆಡ್‌ಫೋನ್ ಹಾಕುವ ದುಂಡನೆಯ ತೂತು) ಬೇರೆ ಇತ್ತು. ಮನೆಯ ಹಳೆಯ ಟಿವಿಗೂ ಹೊಸ ಟಿವಿಗೂ ಹೊಂದಬೇಕು ಅನ್ನುವ ಲೆಕ್ಕ. ವಿಜಿಎ ಇರಲಿಲ್ಲ. 2014ರ ಬಿ ಪ್ಲಸ್ ಮಾದರಿಯಲ್ಲಿ ಹಳದಿ ತೂತನ್ನೂ ಆಡಿಯೊ ಜ್ಯಾಕನ್ನೂ ಸೇರಿಸಿ ನಾಲ್ಕು ಪಟ್ಟಿಯ ಒಂದೇ ಜ್ಯಾಕ್ ಮಾಡಿದರು. 2019ರ ಪೈ 4ರಲ್ಲಿ ದೊಡ್ಡ ಎಚ್‌ಡಿಎಂಐ ಹೋಗಿ ಎರಡು ಮೈಕ್ರೊ ಎಚ್‌ಡಿಎಂಐ ಬಂದವು, ಜ್ಯಾಕ್ ಉಳಿಯಿತು. 2020ರ ಪೈ 400ರಲ್ಲಿ ಜ್ಯಾಕ್ ಇಲ್ಲ. 2023ರ ಪೈ 5ರಲ್ಲೂ ಇಲ್ಲ. ಎಲ್ಲರ ಹತ್ತಿರ ಎಚ್‌ಡಿಎಂಐ ಪರದೆ ಇದೆ, ದನಿ ಅದರಲ್ಲೇ ಹೋಗುತ್ತದೆ ಅನ್ನುವುದು ಈಗಿನ ಎಣಿಕೆ. ಹೊಸ ಟಿವಿ ಇರುವ ಮನೆಗೆ ಇದು ಸರಿ. ನಮ್ಮ ಭವನಕ್ಕೆ ಹೊಂದುವುದಿಲ್ಲ.

ಪೈ 5 ತಂದರೆ ನಮಗೆ ಏನೇನು ಬೇಕಾಗುತ್ತಿತ್ತು ನೋಡಿ. ಪ್ರೊಜೆಕ್ಟರಿಗೆ ಮೈಕ್ರೊ ಎಚ್‌ಡಿಎಂಐಯಿಂದ ವಿಜಿಎಗೆ ಒಂದು ಕನ್ವರ್ಟರ್. ಮಾನಿಟರಿಗೆ ಅಂಥದ್ದೇ ಇನ್ನೊಂದು. ದನಿಗೆ ಯುಎಸ್‌ಬಿ ಸೌಂಡ್ ಕಾರ್ಡ್. ಜೊತೆಗೆ ಅಡಾಪ್ಟರ್, ಮೆಮೊರಿ ಕಾರ್ಡ್, ಪೆಟ್ಟಿಗೆ. ಮೈಕ್ರೊ ಎಚ್‌ಡಿಎಂಐ ತೂತು ಬಹಳ ಸೂಕ್ಷ್ಮ. ಭಾರವಾದ ಕೇಬಲ್ ಜೋತುಬಿದ್ದರೆ, ಮಕ್ಕಳ ಕಾಲು ತಾಗಿದರೆ, ಬೋರ್ಡಿನ ಬೆಸುಗೆಯೇ ಬಿಡುತ್ತದೆ. ನನ್ನ ಅಂಗಡಿಗೆ ಅಂಥ ಬೋರ್ಡುಗಳು ಬರುತ್ತವೆ. ಸಾರ್ವಜನಿಕ ಜಾಗಕ್ಕೆ ದೊಡ್ಡ ಅಳತೆಯ ಪೋರ್ಟೇ ಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಎರಡನೆಯ ದಾರಿ ಹೊಸ ಮಿನಿ ಪಿಸಿ. ಹೆಚ್ಚಿನವುಗಳಿಗೆ ಎರಡು ದೊಡ್ಡ ಎಚ್‌ಡಿಎಂಐ, ಒಂದು 3.5 ಎಂಎಂ ಜ್ಯಾಕ್ ಇರುತ್ತವೆ. ಕೆಲವಕ್ಕೆ ಯುಎಸ್‌ಬಿ-ಸಿ ಕೂಡ. ಯುಎಸ್‌ಬಿ-ಸಿ ಇದೆ ಅಂದ ಮಾತ್ರಕ್ಕೆ ಚಿತ್ರ ಬರುತ್ತದೆ ಅಂತ ನಂಬಬೇಡಿ. ತೂತು ಒಂದೇ ಥರ ಕಂಡರೂ ಕೆಲವದರಲ್ಲಿ ಬರೀ ಡೇಟಾ, ಕೆಲವದರಲ್ಲಿ ಬರೀ ಕರೆಂಟು. ಪೈ 4ರ ಯುಎಸ್‌ಬಿ-ಸಿಯಿಂದ ಚಿತ್ರ ಬರುವುದಿಲ್ಲ. ಎಚ್‌ಡಿಎಂಐ ತೂತಿಗೆ ಸಿಕ್ಕಿಸುವ ಕಡ್ಡಿಯಂಥ ಪಿಸಿಗಳನ್ನೂ ಒಬ್ಬರು ಹೇಳಿದರು. ಅವುಗಳಲ್ಲಿ ಹೆಚ್ಚಿನವಕ್ಕೆ ಬೇರೆ ವಿಡಿಯೊ ಪೋರ್ಟೇ ಇಲ್ಲ, ಹಾಗಾಗಿ ಬಿಟ್ಟೆ.

ಮೂರನೆಯದು, ದೊಡ್ಡ ಆಫೀಸುಗಳು ಕೆಲವು ವರ್ಷ ಬಳಸಿ ಮಾರಿಬಿಡುವ ಪುಟ್ಟ ಡೆಸ್ಕ್‌ಟಾಪ್. ದಪ್ಪ ಪುಸ್ತಕದಷ್ಟು ದೊಡ್ಡದು, ಲ್ಯಾಪ್‌ಟಾಪ್ ಥರದ ಅಡಾಪ್ಟರ್. ಹುಬ್ಬಳ್ಳಿಯಲ್ಲಿ ಸಿಗುತ್ತವೆ. ನನಗೆ ಸಿಕ್ಕಿದ್ದರಲ್ಲಿ ಹಿಂದೆ ಒಂದು ವಿಜಿಎ, ಒಂದು ಡಿಸ್‌ಪ್ಲೇಪೋರ್ಟ್ (ಎಚ್‌ಡಿಎಂಐ ಥರದ್ದೇ ಇನ್ನೊಂದು ಡಿಜಿಟಲ್ ತೂತು) ಇದ್ದವು. ಮುಂದೆ ಎರಡು 3.5 ಎಂಎಂ ಜ್ಯಾಕ್: ಒಂದು ಬರೀ ಕೇಳಲು, ಇನ್ನೊಂದು ಮೈಕ್ ಸಮೇತ ಇರುವ ಹೆಡ್‌ಸೆಟ್‌ಗೆ. ಇದನ್ನೇ ತಗೊಂಡೆವು.

ವಿಜಿಎ ಯಾಕೆ, ಈ ಕಾಲದಲ್ಲಿ?

ವಿಜಿಎ ತೂತು 1987ರಲ್ಲಿ ಐಬಿಎಂ ತಂದದ್ದು. 15 ಪಿನ್ನು, ಮೂರು ಸಾಲು. ಚಿತ್ರ ಅನಲಾಗ್ ರೂಪದಲ್ಲಿ ಹೋಗುತ್ತದೆ, ದನಿ ಹೋಗುವುದೇ ಇಲ್ಲ. 2015ರ ಹೊತ್ತಿಗೆ ಇದನ್ನು ಪೂರ್ತಿ ಬಿಡುತ್ತೇವೆ ಅಂತ ಇಂಟೆಲ್, ಎಎಂಡಿ ಮತ್ತು ಕೆಲವು ಲ್ಯಾಪ್‌ಟಾಪ್ ಕಂಪನಿಗಳು 2010ರ ಡಿಸೆಂಬರ್‌ನಲ್ಲೇ ಹೇಳಿದ್ದವು. ಆದರೆ ಪ್ರೊಜೆಕ್ಟರ್ ಬಹಳ ಕಾಲ ಬಾಳುವ ವಸ್ತು. ದೀಪ ಬದಲಿಸುತ್ತಾ ಹೋದರೆ ನಡೆಯುತ್ತಲೇ ಇರುತ್ತದೆ. ಶಾಲೆ, ಭವನಗಳಲ್ಲಿ ಅವು ಇನ್ನೂ ತೂಗುತ್ತಿವೆ. ಕೆಲಸ ಮಾಡುವ ಪ್ರೊಜೆಕ್ಟರನ್ನು ತೂತಿನ ಕಾರಣಕ್ಕೆ ತೆಗೆದು ಹಾಕುವುದು ₹12,000 ಕೂಡಿಸಿದ ಊರಿಗೆ ಹೇಳುವ ಮಾತಲ್ಲ.

ಕನ್ವರ್ಟರ್ ಹಾಕಿದರೆ ಆಗಲ್ವಾ? ಆಗುತ್ತದೆ. ಎಚ್‌ಡಿಎಂಐಯಿಂದ ವಿಜಿಎಗೆ ಹೋಗುವ ಕನ್ವರ್ಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಅದರೊಳಗೆ ಡಿಜಿಟಲ್ ಚಿತ್ರವನ್ನು ಅನಲಾಗ್ ಮಾಡುವ ಚಿಪ್ ಇರುತ್ತದೆ. ಆ ಚಿಪ್ಪಿಗೆ ಕರೆಂಟು ಎಚ್‌ಡಿಎಂಐ ತೂತಿನ 5 ವೋಲ್ಟ್ ಪಿನ್ನಿನಿಂದಲೇ ಬರಬೇಕು. ಆ ಪಿನ್ನು ಕೊಡಲೇಬೇಕಾದ ಕನಿಷ್ಠ ಕರೆಂಟು 55 ಮಿಲಿಆಂಪ್ ಮಾತ್ರ. ಅದಕ್ಕಿಂತ ಜಾಸ್ತಿ ಎಳೆಯುವ ಕನ್ವರ್ಟರ್ ಆದರೆ ಕೆಲವು ಕಂಪ್ಯೂಟರಿನಲ್ಲಿ ಚಿತ್ರ ಬರುತ್ತದೆ, ಕೆಲವದರಲ್ಲಿ ಮಿಣುಕಿ ಆರುತ್ತದೆ. ಹಾಗಾಗಿ ಕೊಳ್ಳುವುದಾದರೆ ಪಕ್ಕದಲ್ಲಿ ಯುಎಸ್‌ಬಿ ಕರೆಂಟಿನ ತೂತು ಮತ್ತು 3.5 ಎಂಎಂ ಆಡಿಯೊ ತೂತು ಇರುವುದನ್ನೇ ಕೊಳ್ಳಿ.

ಇನ್ನೊಂದು ಮಾತು, ಕನ್ವರ್ಟರಿಗೆ ದಿಕ್ಕು ಇದೆ. ಎಚ್‌ಡಿಎಂಐಯಿಂದ ವಿಜಿಎಗೆ ಹೋಗುವುದು ಬೇರೆ, ವಿಜಿಎಯಿಂದ ಎಚ್‌ಡಿಎಂಐಗೆ ಹೋಗುವುದು ಬೇರೆ. ಅಂಗಡಿಯಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಕಂಪ್ಯೂಟರ್ ಕಡೆ ಯಾವುದು, ಪರದೆ ಕಡೆ ಯಾವುದು ಅಂತ ಬಾಯಿಬಿಟ್ಟು ಹೇಳಿ ತಗೋಬೇಕು.

ಇಂಟೆಲ್ 2015ರ ಸ್ಕೈಲೇಕ್ ಪ್ರೊಸೆಸರಿನಿಂದ ವಿಜಿಎ ಬೆಂಬಲವನ್ನು ಒಳಗಿನಿಂದಲೇ ತೆಗೆದಿದೆ. ಆಮೇಲಿನ ಆಫೀಸ್ ಯಂತ್ರದಲ್ಲಿ ವಿಜಿಎ ತೂತು ಕಂಡರೆ, ಬೋರ್ಡಿನ ಮೇಲೆ ಕನ್ವರ್ಟರ್ ಚಿಪ್ ಕೂರಿಸಿದ್ದಾರೆ ಅಂತಲೇ ಅರ್ಥ. ಅಂದರೆ ಕೆಲಸ ಅದೇ. ಆದರೆ ಪೆಟ್ಟಿಗೆಯೊಳಗೆ ಬೆಸುಗೆ ಹಾಕಿದ ಚಿಪ್ ಕಳೆದುಹೋಗುವುದಿಲ್ಲ, ಅದಕ್ಕೆ ಕರೆಂಟು ಕಡಿಮೆ ಬೀಳುವುದಿಲ್ಲ. ವಿಜಿಎ ಪ್ಲಗ್ಗಿಗೆ ಎರಡು ಕಡೆ ಸ್ಕ್ರೂ ಇರುತ್ತದೆ, ತಿರುಗಿಸಿ ಬಿಗಿ ಮಾಡಿದರೆ ಯಾರು ಎಳೆದರೂ ಬರುವುದಿಲ್ಲ. ಸಾಮಾನ್ಯ ಎಚ್‌ಡಿಎಂಐಗೆ ಈ ಬಿಗಿ ಇಲ್ಲ. ಹತ್ತಾರು ಕೈ ಆಡುವ ಜಾಗದಲ್ಲಿ ನಾನು ಇದಕ್ಕೆ ತುಂಬಾ ಬೆಲೆ ಕೊಡುತ್ತೇನೆ.

ಹಳದಿ ಎವಿ ತೂತನ್ನು ಬಳಸೋಣ ಅಂತಲೂ ಒಬ್ಬರು ಹೇಳಿದರು. ಅದನ್ನು ಬೇಡ ಅಂದದ್ದಕ್ಕೆ ಕಾರಣ ನಮ್ಮ ಅಕ್ಷರ. ಆ ತಂತಿಯಲ್ಲಿ ಹೋಗುವುದು ಹಳೆಯ ಟಿವಿಯ ಪಾಲ್ ಪದ್ಧತಿಯ ಚಿತ್ರ, ಕಣ್ಣಿಗೆ ಕಾಣುವುದು 576 ಗೆರೆ ಅಷ್ಟೇ. ಬಣ್ಣ, ಬೆಳಕು ಎಲ್ಲವೂ ಒಂದೇ ತಂತಿಯಲ್ಲಿ ಕಲಸಿಕೊಂಡು ಹೋಗುತ್ತವೆ. ಸಿನಿಮಾ ನೋಡಬಹುದು. ಪಾಠದ ಕನ್ನಡ ಓದಲು ಹೋದರೆ ದ, ಧ, ಥ ಒಂದೇ ಆಗುತ್ತವೆ. ಪ ಯಾವುದು, ಷ ಯಾವುದು ತಿಳಿಯುವುದಿಲ್ಲ. ಒತ್ತಕ್ಷರ ಕೆಳಗಿನ ಸಾಲಿಗೆ ಅಂಟುತ್ತದೆ. ವಿಜ್ಞಾನದ ಸೂತ್ರದಲ್ಲಿ ಕೆಳಗೆ ಬರೆಯುವ ಸಣ್ಣ ಅಂಕಿ ಅಳಿಸಿಹೋಗುತ್ತದೆ. ಪರೀಕ್ಷೆಗೆ ಓದುವ ಮಕ್ಕಳಿಗೆ ಅಂಥ ಚಿತ್ರ ಕೊಡುವುದು ಸರಿಯಲ್ಲ.

ವಿಜಿಎಯಲ್ಲೂ ಕೇಬಲ್ ಕೆಟ್ಟದಾದರೆ ಇದೇ ಕಥೆ. 15 ಮೀಟರಿನ ತೆಳು ಕೇಬಲ್ ಆದರೆ ಪ್ರತಿ ಅಕ್ಷರದ ಬಲಕ್ಕೆ ನೆರಳು ಬೀಳುತ್ತದೆ. ಭವನದ ಕೇಬಲ್ ಅದೃಷ್ಟಕ್ಕೆ ದಪ್ಪದ್ದಾಗಿತ್ತು, ಒಳಗೆ ಕೆಂಪು, ಹಸಿರು, ನೀಲಿ ಮೂರಕ್ಕೂ ಬೇರೆ ಬೇರೆ ಹೊದಿಕೆ ಇತ್ತು. ಆದರೂ ಕಂಪ್ಯೂಟರ್ ಪ್ರೊಜೆಕ್ಟರನ್ನು ಗುರುತಿಸಲಿಲ್ಲ. ಪರದೆ ತನ್ನ ಅಳತೆಯನ್ನು ಕಂಪ್ಯೂಟರಿಗೆ ಹೇಳುವುದು 12 ಮತ್ತು 15ನೇ ಪಿನ್ನಿನ ಮೂಲಕ. ಹಳೆಯ ಕೇಬಲ್ಲುಗಳಲ್ಲಿ ಈ ತಂತಿಗಳನ್ನು ಕೆಲವೊಮ್ಮೆ ಹಾಕಿರುವುದೇ ಇಲ್ಲ. ಅಳತೆಯನ್ನು ಕೈಯಿಂದ 1024×768 ಅಂತ ಹಾಕಿದೆ, ಚಿತ್ರ ನೆಟ್ಟಗೆ ಬಂತು.

ಎರಡು ಪರದೆ ಬೇಕೇ ಬೇಕಾ ಅಂತ ಮಹಿಳಾ ಸಂಘದ ಅಕ್ಕಾರು ಕೇಳಿದರು. ಬೇಕು. ಒಂದೇ ಇದ್ದರೆ ಫೈಲ್ ಹುಡುಕುವುದು, ಪಾಸ್‌ವರ್ಡ್ ಹೊಡೆಯುವುದು ಎಲ್ಲವೂ ಎಲ್ಲರ ಮುಂದೆ. ಮಾನಿಟರಿಗೆ ಡಿಸ್‌ಪ್ಲೇಪೋರ್ಟಿನಿಂದ ಒಂದು ವಿಜಿಎ ಕನ್ವರ್ಟರ್ ಹಾಕಿದೆವು. ಎರಡು ಪರದೆಯನ್ನೂ ಒಂದೇ ಚಿತ್ರಕ್ಕೆ ಇಡಬಾರದು, ಬೇರೆ ಬೇರೆ ಇಡಬೇಕು. ಒಂದೇ ಇಟ್ಟರೆ ಪ್ರೊಜೆಕ್ಟರಿನ ಚೌಕು ಅಳತೆ ಅಗಲ ಮಾನಿಟರಿನಲ್ಲಿ ಎಳೆದಂತೆ ಕಾಣುತ್ತದೆ. ಸಭೆಗೆ ಟಿವಿ ಬೇಕಾದಾಗ ಕನ್ವರ್ಟರ್ ತೆಗೆದು ಡಿಸ್‌ಪ್ಲೇಪೋರ್ಟಿನಿಂದ ಎಚ್‌ಡಿಎಂಐಗೆ ಹೋಗುವ ಕೇಬಲ್ ಹಾಕಿದರಾಯಿತು. ಡಿಸ್‌ಪ್ಲೇಪೋರ್ಟ್ ಪಕ್ಕದ ಗುರುತಿನ ಜೊತೆ ಎರಡು ಪ್ಲಸ್ ಇದ್ದರೆ ಅಂಥ ಸಾದಾ ಕೇಬಲ್ಲಿನಲ್ಲೇ ಎಚ್‌ಡಿಎಂಐ ಚಿತ್ರವೂ ದನಿಯೂ ಬರುತ್ತವೆ.

ದನಿ

ಯಂತ್ರ ಬಂದ ದಿನ ಮೈಕ್‌ಸೆಟ್ಟಿನ ಕಾಕಾ ಆಂಪ್ಲಿಫೈಯರ್ ತಂದಿಟ್ಟರು. ಅವರ ಹತ್ತಿರ ಮೈಕ್ ತೂತಿಗೆ ಹೋಗುವ ದಪ್ಪ ಪಿನ್ನಿನ ಕೇಬಲ್ ಇತ್ತು, ಅದನ್ನೇ ಹಾಕಿದರು. ದನಿ ಕರಕರ ಅಂತು. ಮೈಕಿನಿಂದ ಬರುವುದು ಕೆಲವೇ ಮಿಲಿವೋಲ್ಟ್, ಆ ತೂತು ಅದನ್ನು ಬಹಳ ಹಿಗ್ಗಿಸುತ್ತದೆ. ಕಂಪ್ಯೂಟರಿನ ಜ್ಯಾಕಿನಿಂದ ಅದರ ನೂರಾರು ಪಟ್ಟು ಬರಬಹುದು. ಹಾಕಬೇಕಾದದ್ದು ಆಕ್ಸ್ ಅಂತ ಬರೆದ ತೂತಿಗೆ, ಅದು ಕಂಪ್ಯೂಟರ್, ಫೋನಿನಂಥವುಗಳ ದನಿಗೆ ಇರುವುದು. 3.5 ಎಂಎಂನಿಂದ ಎರಡು ಆರ್‌ಸಿಎ ಪಿನ್ನಿಗೆ (ಟಿವಿಯ ಎವಿ ಪಿನ್ನಿನಂಥದ್ದು) ಹೋಗುವ ಕೇಬಲ್ ತಂದು ಆಕ್ಸ್‌ಗೆ ಹಾಕಿದೆವು, ಮಾತು ತಿಳಿಯಾಯಿತು.

ಆಮೇಲೆ ಒಂದು ಗಣಿತ ಪಾಠ ಹಚ್ಚಿದರೆ ಮಾತೇ ಇಲ್ಲ. ಹಿಂದಿನ ಪಾಠ ಸರಿಯಾಗಿ ಬಂದಿತ್ತು. "ಇದರಾಗ ಮಾಸ್ತರ್ ಬಾಯಿ ಆಡ್ತೈತಿ, ದನಿ ಇಲ್ಲಲ್ರಿ" ಅಂದ ಒಬ್ಬ ಹುಡುಗ. ಆ ಪಾಠವನ್ನು ರೆಕಾರ್ಡ್ ಮಾಡುವಾಗ ಮಾತು ಎಡ ಚಾನೆಲ್ಲಿನಲ್ಲಿ ಮಾತ್ರ ಬಿದ್ದಿತ್ತು. ಆಂಪ್ಲಿಫೈಯರಿನಲ್ಲಿ ಎರಡು ಆಕ್ಸ್ ತೂತು ಬೇರೆ ಬೇರೆ ಹಿಡಿಕೆಗೆ ಸೇರಿದ್ದವು, ಒಂದರದ್ದು ಸೊನ್ನೆಯಲ್ಲಿತ್ತು. ಹೆಡ್‌ಫೋನಿನಲ್ಲಿ ಕೇಳಿದ್ದರೆ ಮಾತು ಒಂದೇ ಕಿವಿಗೆ ಬರುತ್ತಿತ್ತು. ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ದನಿಯನ್ನು ಮೋನೊ ಮಾಡುವ ಆಯ್ಕೆ ಇದೆ. ಅದನ್ನು ಒತ್ತಿದರೆ ಎಡ, ಬಲ ಎರಡೂ ಸೇರಿ ಎರಡು ಕಡೆಯೂ ಬರುತ್ತವೆ. ಪಾಠ ಕೇಳಿಸುವ ಯಂತ್ರದಲ್ಲಿ ಇದನ್ನು ಖಾಯಂ ಹಾಕಿಟ್ಟುಬಿಡಿ.

ಇನ್ನೊಂದು ತೊಂದರೆ ಗುಂಯ್ ಅನ್ನುವ ಸದ್ದು. ಕಂಪ್ಯೂಟರ್ ಹಿಂದಿನ ಮೇಜಿನ ಪ್ಲಗ್ಗಿನಲ್ಲಿ, ಆಂಪ್ಲಿಫೈಯರ್ ವೇದಿಕೆಯ ಪ್ಲಗ್ಗಿನಲ್ಲಿ. ಎರಡರ ಅರ್ಥಿಂಗ್ ನಡುವೆ ಸಣ್ಣ ವ್ಯತ್ಯಾಸ ಇದ್ದರೂ ಆಡಿಯೊ ಕೇಬಲ್ಲಿನ ಹೊದಿಕೆಯಲ್ಲಿ ಕರೆಂಟು ಹರಿಯುತ್ತದೆ. ನಮ್ಮ ಲೈನಿನ 50 ಹರ್ಟ್ಸ್ ಸ್ಪೀಕರಿನಲ್ಲಿ ಕೇಳುತ್ತದೆ. ಆಂಪ್ಲಿಫೈಯರನ್ನು ಕಂಪ್ಯೂಟರ್ ಇರುವ ಬೋರ್ಡಿಗೇ ತಂದು ಹಾಕಿದಾಗ ಸದ್ದು ನಿಂತಿತು. ಸ್ಪೀಕರ್ ತಂತಿಯನ್ನು ಮಾತ್ರ ವೇದಿಕೆಯವರೆಗೆ ಬಿಟ್ಟೆವು. ಹಾಗೆ ಮಾಡಲು ಆಗದ ಕಡೆ ಗ್ರೌಂಡ್ ಲೂಪ್ ಐಸೋಲೇಟರ್ ಅಂತ ಸಣ್ಣ ಡಬ್ಬಿ ಸಿಗುತ್ತದೆ, ಆಡಿಯೊ ಕೇಬಲ್ ನಡುವೆ ಹಾಕುವುದು. ಕೆಲವರು ಪ್ಲಗ್ಗಿನ ಅರ್ಥ್ ಪಿನ್ನನ್ನೇ ಕಿತ್ತು ಸದ್ದು ನಿಲ್ಲಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮಕ್ಕಳು ಮುಟ್ಟುವ ಯಂತ್ರ ಅದು, ಆ ಪಿನ್ನು ಇರುವುದು ಅವರ ಜೀವಕ್ಕಾಗಿ.

ತಂತಿಯ ಗೋಜೇ ಬೇಡ, ಬ್ಲೂಟೂತ್ ಸ್ಪೀಕರ್ ಇಡೋಣ ಅಂದವರೂ ಇದ್ದರು. ಬ್ಲೂಟೂತಿನಲ್ಲಿ ದನಿ ತುಟಿಗಿಂತ ತಡವಾಗಿ ಬರುವುದುಂಟು. ಯಾರದೋ ಫೋನ್ ಅದೇ ಸ್ಪೀಕರಿಗೆ ಕೂಡಿಕೊಂಡರೆ ಪಾಠ ನಿಲ್ಲುತ್ತದೆ. ಸಂಜೆ ಐವತ್ತು ಮಂದಿ ಕೂಡುವ ಜಾಗಕ್ಕೆ ತಂತಿಯೇ ಸರಿ.

ಟಿವಿಗೆ ಹಾಕಿದಾಗ ಬರುವ ಗೊಂದಲವನ್ನೂ ಹೇಳಬೇಕು. ಎಚ್‌ಡಿಎಂಐ ಪರದೆ ಸಿಕ್ಕ ತಕ್ಷಣ ಕಂಪ್ಯೂಟರ್ ದನಿಯನ್ನು ಆ ಕಡೆಗೆ ತಿರುಗಿಸಬಹುದು. ಭವನಕ್ಕೆ ವಾಪಸ್ ತಂದು ಕನ್ವರ್ಟರ್ ಹಾಕಿದಾಗಲೂ ಒಮ್ಮೊಮ್ಮೆ ಅದು ಅಲ್ಲೊಂದು ಸ್ಪೀಕರ್ ಇದೆ ಅಂತಲೇ ತಿಳಿಯುತ್ತದೆ. ಆಗ ಜ್ಯಾಕಿನಲ್ಲಿ ದನಿ ಇರುವುದಿಲ್ಲ, ಎಲ್ಲರೂ ಆಂಪ್ಲಿಫೈಯರ್ ಕೆಟ್ಟಿತು ಅಂದುಕೊಳ್ಳುತ್ತಾರೆ. ಕೆಳಗೆ ಬಲಗಡೆ ಸ್ಪೀಕರ್ ಗುರುತು ಒತ್ತಿ ಸರಿಯಾದದ್ದನ್ನು ಆರಿಸಿದರೆ ಸಾಕು. ಅಕ್ಕಾರಿಗೂ ಇಬ್ಬರು ಹತ್ತನೇ ತರಗತಿ ಹುಡುಗಿಯರಿಗೂ ಇದನ್ನು ಮಾಡಿ ತೋರಿಸಿದೆ. ಈಗ ನನ್ನನ್ನು ಕರೆಯುವ ಅಗತ್ಯ ಬೀಳುವುದಿಲ್ಲ.

ಖರ್ಚು ಮತ್ತು ಈಗಿನ ಸ್ಥಿತಿ

ಯಂತ್ರಕ್ಕೆ ₹9,000 ಆಸುಪಾಸು ಹೋಯಿತು. ಉಳಿದದ್ದು ಕನ್ವರ್ಟರ್, ಆಡಿಯೊ ಕೇಬಲ್, ಎಚ್‌ಡಿಎಂಐ ಕೇಬಲ್, ಒಂದು ಒಳ್ಳೆಯ ಪ್ಲಗ್ ಬೋರ್ಡಿಗೆ ಆಯಿತು. ಇಂಗ್ಲಿಷ್ ಉಚ್ಚಾರ ಕಲಿಯುವವರು ಫೋನಿನ ಹಳೆಯ ಹೆಡ್‌ಸೆಟ್ಟನ್ನೇ ಎರಡನೇ ಜ್ಯಾಕಿಗೆ ಹಾಕಿ ಮಾತಾಡುತ್ತಾರೆ. ಅದರ ಪಿನ್ನಿಗೆ ನಾಲ್ಕು ಪಟ್ಟಿ, ಜ್ಯಾಕೂ ಅಂಥದ್ದೇ, ಹಾಗಾಗಿ ಮೈಕ್ ಕೆಲಸ ಮಾಡುತ್ತದೆ.

ಹಳೆಯ ಸಾಮಾನು ಏನೂ ಇಲ್ಲದೆ ಎಲ್ಲವನ್ನೂ ಹೊಸದಾಗಿ ಕೊಳ್ಳುವವರಿಗೆ ನಾನು ವಿಜಿಎ ಹೇಳುವುದಿಲ್ಲ. ಅವರಿಗೆ ದೊಡ್ಡ ಅಳತೆಯ ಒಂದು ಎಚ್‌ಡಿಎಂಐ, ಒಂದು 3.5 ಎಂಎಂ ಜ್ಯಾಕ್ ಸಾಕು. ಪರದೆ ಎರಡಾದರೆ ಎಚ್‌ಡಿಎಂಐ ಎರಡು. ಆದರೆ ಜ್ಯಾಕ್ ಇಲ್ಲದ ಯಂತ್ರವನ್ನು, ಎಷ್ಟೇ ಅಗ್ಗವಿರಲಿ, ಹತ್ತು ಜನಕ್ಕಿಂತ ಜಾಸ್ತಿ ಕೂಡುವ ಯಾವ ಕೋಣೆಗೂ ನಾನು ಕೊಡಿಸುವುದಿಲ್ಲ.

ಭವನದ ಪ್ರೊಜೆಕ್ಟರಿನ ದೀಪ ಮಂಕಾಗುತ್ತಿದೆ. ಮುಂದೆ ಬರುವುದು ಎಚ್‌ಡಿಎಂಐ ಇರುವ ಪ್ರೊಜೆಕ್ಟರೇ ಆಗಿರುತ್ತದೆ. ಅಷ್ಟು ಉದ್ದಕ್ಕೆ ಅಗ್ಗದ ಎಚ್‌ಡಿಎಂಐ ಕೇಬಲ್ ಕೈಕೊಡಬಹುದು, ಹಾಗಾಗಿ ಕೇಸಿಂಗ್ ಪಟ್ಟಿಗೆ ತುರುಕುವ ಮೊದಲು ನೆಲದ ಮೇಲೆ ಹಾಸಿ ಒಂದಿಡೀ ಪಾಠ ಓಡಿಸಿ ನೋಡಿ ಅಂತ ಮಾಸ್ತರರಿಗೆ ಹೇಳಿದ್ದೇನೆ. ಈಗಿನ ಪಟ್ಟಿ ಕಿರಿದು, ಎಚ್‌ಡಿಎಂಐ ಕೇಬಲ್ಲಿನ ತಲೆ ಅದರಲ್ಲಿ ಹಿಡಿಯುವುದಿಲ್ಲ. ಬೇಸಿಗೆ ರಜೆಯಲ್ಲಿ ಭವನಕ್ಕೆ ಸುಣ್ಣ ಹಚ್ಚುವಾಗ ಅಗಲದ ಪಟ್ಟಿ ಹಾಕಿಸುವುದು ಅಂತ ತೀರ್ಮಾನವಾಗಿದೆ.